ಗಂಗಾಂಬಿಕೆ ವಾಪಸ್ ಬರುವುದಿಲ್ಲ

ತುಮಕೂರು
ಬುಧವಾರ, ೧೨ ನವೆಂಬರ್ ೨೦೨೫

ಕುಣಿಗಲ್ಲಿನಲ್ಲಿ ತಣ್ಣಗಿರುವ ನನ್ನ ಮಾಲಿನಿಗೆ, ಇಲ್ಲಿ ಮೈಯೆಲ್ಲ ಉರಿದುಕೊಂಡು ಕೂತಿರುವ ನೇತ್ರಾವತಿಯ ನೆನಪುಗಳು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನು ಕೈಗೆತ್ತಿಕೊಂಡರೆ ಸಾಕು, ಯಾರದು ಅಂತ ನಮ್ಮವರು ಒಳಗಿನಿಂದ ಕೂಗುತ್ತಾರೆ. ಅದಕ್ಕೇ ಈ ಕಾಗದ.

ಕಾದಂಬರಿ ಮುಗಿಯಿತು ಅಂತ ಹೋದ ತಿಂಗಳು ಕುಣಿದಾಡಿಕೊಂಡು ಹೇಳಿದ್ದೆನಲ್ಲ. ಬರೆಯುವುದೇನೋ ಬರೆದೆ ಕಣೇ, ಅದಕ್ಕೊಂದು ಸಾರಾಂಶ ಬರೆಯುವುದಿದೆಯಲ್ಲ, ಅದು ನರಕ. ಶಿರಾ ಗೇಟಿನ ಪ್ರಕಾಶಕರು ರುದ್ರಯ್ಯನವರು, ಒಂದೇ ಪುಟ ಸಾಕಮ್ಮ, ಕೊನೆ ಏನಾಯ್ತು ಅನ್ನೋದನ್ನ ಮುಚ್ಚಿಡಬೇಡಿ, ಅಷ್ಟೂ ಓದೋಕೆ ಯಾರಿಗೆ ಟೈಮಿದೆ ಅಂದರು. ವರ್ಷಗಟ್ಟಲೆ ಒಲೆ ಆರಿಸಿದ ಮೇಲೆ ಕೂತು ಬರೆದದ್ದು. ಹಿಂಡಿ ಹಿಂಡಿ ಇಳಿಸಿದರೆ ಉಳಿದದ್ದು ಇಷ್ಟು: ಗುಬ್ಬಿಯ ಗಂಗಾಂಬಿಕೆ ಮದುವೆಯಾದಳು, ಸಹಿಸಿದಳು, ಒಂದು ದಿನ ಮನೆಗೆ ಬೀಗ ಹಾಕಿ ಕೀಲಿಕೈಯನ್ನು ಪಕ್ಕದ ಮನೆಗೆ ಕೊಟ್ಟು ಹೊರಟುಹೋದಳು. ಓದಿ ನನಗೇ ವಾಕರಿಕೆ ಬಂತು.

ನಾನು ಒದ್ದಾಡುವುದು ನೋಡಿ ನಮ್ಮವರು, ಕೊಡಿಲ್ಲಿ ನಾನು ಬರ್ಕೊಡ್ತೀನಿ ಅಂದರು. ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಲ್ಲವೇ, ಮಕ್ಕಳ ಕೈಲಿ ವರ್ಷವಿಡೀ ಪದ್ಯದ ಸಾರಾಂಶ ಬರೆಸುವವರು. ಗೂಳೂರಿನ ಗೃಹಪ್ರವೇಶದಲ್ಲಂತೂ ಎಲ್ಲರ ಮುಂದೆ, ನಮ್ಮ ಮನೆಯವಳ ಕಾದಂಬರಿ ಒಂದೇ ಪಟ್ಟಿಗೆ ಕೂತು ಓದಿದೆ, ನಿದ್ದೆ ಬರಲಿಲ್ಲ ಅಂದಿದ್ದರು. ನಾನು ಪೆದ್ದಿ, ನಂಬಿದೆ. ಕಾಫಿ ಆರುವಷ್ಟರಲ್ಲಿ ಬರೆದು, ನನಗೆ ತೋರಿಸದೆ ರುದ್ರಯ್ಯನವರಿಗೆ ಕಳಿಸಿಯೂ ಆಗಿತ್ತು.

ಆ ಪುಟವನ್ನು ನಾನು ನೋಡಿದ್ದು ಪ್ರಕಾಶಕರ ಮೇಜಿನ ಮೇಲೆ. ಕೊನೆಯ ಸಾಲು ಹೀಗಿತ್ತು: 'ತನ್ನ ತಪ್ಪಿನ ಅರಿವಾದ ಗಂಗಾಂಬಿಕೆ ಮರಳಿ ಬಂದು ಪತಿಯ ಪಾದಕ್ಕೆರಗುತ್ತಾಳೆ.' ಥೂ! ನನ್ನ ಗಂಗಾಂಬಿಕೆ! ರುದ್ರಯ್ಯನವರಿಗೆ ಮಾತ್ರ ಅದೇ ಹಿಡಿಸಿಬಿಟ್ಟಿದೆ. ಸಂಸಾರಸ್ಥರು ಓದೋ ಹಂಗಿದೆ ಕಣಮ್ಮ, ಮುಂದಿನ ತಿಂಗಳೇ ಅಚ್ಚಿಗೆ ಹಾಕೋಣ ಅಂದರು.

ಮನೆಗೆ ಬಂದು ಕೇಳಿದೆ, ನೀವು ಕೊನೆಯವರೆಗೂ ಓದಿದ್ದೀರಾ ಅಂತ. ಕೋಡುಬಳೆ ಅಗಿಯುತ್ತಿದ್ದರು. ಓದೋದೇನಿದೆ, ಹೆಂಗಸರ ಕಥೆ ಎಲ್ಲಾ ಅಲ್ಲೇ ತಾನೇ ಮುಗಿಯೋದು ಅಂದರು. ನಗುವಾಗ ಅಗಿದದ್ದರ ಚೂರು ನನ್ನ ಹಾಳೆಗಳ ಮೇಲೆ ಬಿತ್ತು. ಕೈಯಿಂದ ಒರೆಸಿ ಹಾಕಿದೆ. ಇಷ್ಟು ವರ್ಷ ಆ ಬಾಯಿಗೆ ಬಿಸಿ ಬಿಸಿ ಬಡಿಸಿದೆನಲ್ಲ ಅಂತ ಅಸಹ್ಯವಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಸೋಮವಾರ ರುದ್ರಯ್ಯನವರ ಫೋನು ಬಂತು. ಹೊಸ ಕೊನೆ ಬಂತಮ್ಮ, ಓದಿ ಕಣ್ಣಲ್ಲಿ ನೀರು ಬಂತು ಅಂದರು. ಸಾರಾಂಶಕ್ಕೆ ಹೊಂದಲಿ ಅಂತ ಇವರು ನನ್ನ ಕೊನೆಯ ಅಧ್ಯಾಯವನ್ನೇ ತೆಗೆದಿಟ್ಟು, ತಾವೇ ಒಂದು ಬರೆದು ಸೇರಿಸಿ ಹಾಳೆಗಳ ಕಟ್ಟನ್ನೇ ಕಳಿಸಿದ್ದಾರೆ! ಚಪ್ಪಲಿಗೆ ತಕ್ಕಂತೆ ಕಾಲು ಕೊಯ್ಯುವುದು ಅಂದರೆ ಇದೇ ತಾನೇ? ಜಗಳಕ್ಕೆ ನಿಂತರೆ, ನಾನೇನು ಬೇರೆಯವನಾ, ನಿನ್ನ ಹೆಸರಲ್ಲೇ ತಾನೇ ಬರೋದು ಅಂತ ನನಗೇ ಸಮಾಧಾನ ಹೇಳುತ್ತಾರೆ.

ನಿನ್ನೆ ಶಿರಾ ಗೇಟಿಗೆ ಹೋಗಿ, ಅಚ್ಚು ಮಾಡಬೇಡಿ, ನನ್ನ ಹಾಳೆ ಕೊಡಿ ಅಂದೆ. ಯಜಮಾನ್ರನ್ನ ಒಂದ್ಮಾತು ಕೇಳ್ಕೊಂಡು ಬನ್ನಿ ಅಂದರು. ಬರೆದವಳು ನಾನು ಅಂದೆ. ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಈಚೆಗೆ ಬಂದೆ. ಈ ಪುಸ್ತಕ ಇನ್ನು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಸಂಕಟವಾಗುತ್ತದೆ ಕಣೇ, ಸುಳ್ಳು ಹೇಳುವುದಿಲ್ಲ.

ನೀನು ಗಾಬರಿಯಾಗಬೇಡ. ಅಡುಗೆ ಮಾಡುತ್ತಿದ್ದೇನೆ, ಉಣ್ಣುತ್ತಿದ್ದೇನೆ, ಇವರ ಶರಟಿಗೆ ಇಸ್ತ್ರಿಯನ್ನೂ ಹಾಕುತ್ತಿದ್ದೇನೆ.

ನಿನ್ನ ಅಕ್ಕರೆಯ
ನೇತ್ರಾ

ಮರೆತೆ: ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ, ಬಟ್ಟೆ ಸ್ವಲ್ಪ ಜಾಸ್ತಿಯೇ ಇರುತ್ತದೆ, ಬೀರುವಿನಲ್ಲಿ ಜಾಗ ಮಾಡಿಡು. ಇವರು ಕಾಲೇಜಿಗೆ ಹೋದ ಮೇಲೆ ಕೀಲಿಕೈಯನ್ನು ಪಕ್ಕದ ಮನೆ ಶಕುಂತಲಮ್ಮನವರ ಕೈಗೆ ಕೊಡುತ್ತೇನೆ. ಯಾಕೆ ಹೋಗುತ್ತಿದ್ದೇನೆ ಅಂತ ಚೀಟಿ ಬರೆದಿಡುವುದಿಲ್ಲ. ನನ್ನ ಕೊನೆಯ ಅಧ್ಯಾಯವನ್ನು ಮೇಜಿನ ಮೇಲೆ ಇಟ್ಟಿರುತ್ತೇನೆ. ಈ ಸಲ ಓದಲೇಬೇಕಾಗುತ್ತದೆ.