ಹಬ್ಬದೂಟದಲ್ಲಿ ಫೆಡರರ್ ಹೆಸರು

ಡಿಸೆಂಬರ್ ೧೯, ಬೆಲ್‌ಗ್ರೇಡ್

ಸಾಕಾಗಿದೆ. ಮಾವನ ಮನೆದೇವರ ಹಬ್ಬ. ಮೀನಿನ ಊಟಕ್ಕೆ ಇಪ್ಪತ್ತು ನೆಂಟರು. ಟೆನಿಸ್‌ನಲ್ಲಿ ಎಲ್ಲರಿಗಿಂತ ದೊಡ್ಡವನು ಯಾರೆಂಬ ಮಾತು ಈ ವರ್ಷವೂ ಎದ್ದಿತು. ಈ ಊರಲ್ಲಿ ಅದಕ್ಕೆ ಒಂದೇ ಉತ್ತರ, ಇಲ್ಲೇ ಹುಟ್ಟಿದ ಜೊಕೊವಿಚ್. ನನ್ನ ಪ್ರಾಸದ ಚಟ ಕೇಳಬೇಕಲ್ಲ, "ಗೆಲುವಿಗೆ ನಮ್ಮ ಜೊಕೊವಿಚ್, ಚೆಲುವಿಗೆ ಫೆಡರರ್" ಎಂದುಬಿಟ್ಟೆ.

ಮಾವನ ತಮ್ಮ ಡ್ರಾಗೊಲ್ಯುಬ್ ತಟ್ಟೆ ಸರಿಸಿದರು. "ಹದಿನೆಂಟು ವರ್ಷ ನಮ್ಮನೆ ಉಪ್ಪು ತಿಂದಿದ್ದಕ್ಕೆ ಇದಾ, ಅಳಿಯಂದ್ರೇ?" ಎಂದವರು ಕೋಟು ಹಾಕಿಕೊಂಡು ಹೊರಟೇಹೋದರು.

ಆಮೇಲೆ ಮಾವ ಅಡುಗೆಮನೆಯ ಬಾಗಿಲು ಮುಚ್ಚಿ ಪಿಸುಗುಟ್ಟಿದರು: "ಫೆಡರರ್ ಆಟ ನಾನೂ ಕದ್ದು ನೋಡ್ತೀನಯ್ಯಾ. ಹಾಗಂತ ಊಟಕ್ಕೆ ಕೂತಾಗ ಹೇಳೋದಾ? ಬೆಳಿಗ್ಗೆ ಅವನಿಗೆ ಫೋನ್ ಮಾಡಿ ತಪ್ಪಾಯ್ತು ಅನ್ನು. ನಾನು ಚೆನ್ನಾಗಿ ಬೈದೆ ಅಂತಾನೂ ಹೇಳು."

ಹೇಳುತ್ತೇನೆ. ಮಾವ ನಿಜವಾಗಿ ಬೈದಿದ್ದರೂ ಈ ನಾಟಕದಷ್ಟು ಸುಸ್ತಾಗುತ್ತಿರಲಿಲ್ಲವೇನೋ.