ಮೊದಲ ಚಪ್ಪಾಳೆ

ಮಾರ್ಚ್ ೯, ಭಾನುವಾರ

ನನ್ನ ಮುದ್ದು ಪಿಟೀಲಿಗೆ,

ಅಮ್ಮನ ಆಶೀರ್ವಾದ. ನಾವಿಬ್ಬರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಹಾಗೆ ಬರೆದರೆ ಮೊದಲ ಸಾಲೇ ಸುಳ್ಳಾಗುತ್ತದೆ, ಅದಕ್ಕೇ ಬಿಟ್ಟಿದ್ದೇನೆ.

ನಿನ್ನೆ ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡಲಿಲ್ಲ. ನಿನ್ನ ಕಛೇರಿಯಲ್ಲಿ ಮೂರನೇ ಸಾಲಿನ ಅಂಚಿನ ನಮ್ಮ ಎರಡು ಕುರ್ಚಿ ಕೊನೆಯವರೆಗೂ ಖಾಲಿಯೇ ಇದ್ದವು, ವೇದಿಕೆಯ ಮೇಲಿಂದ ಅವೇ ಕಣ್ಣಿಗೆ ಹೊಡೆಯುತ್ತಿದ್ದವು, ಅಪ್ಪನಿಗೆ ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ ಅನ್ನುವುದು ಊರಿಗೆಲ್ಲ ಗೊತ್ತಾಯಿತು ಎಂದು ಹೇಳಿ ಫೋನ್ ಇಟ್ಟುಬಿಟ್ಟೆ. ತಿರುಗಿ ಮಾಡಿದರೆ ಎತ್ತಲಿಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ನೀನು, ಅದು ನನ್ನ ಕಡೆಯಿಂದಲೇ ಬಂದದ್ದು, ಆದ್ದರಿಂದ ಬೈಯುವುದಿಲ್ಲ. ಕಾಗದವಾದರೆ ನಡುವೆ ಇಟ್ಟುಬಿಡಲು ಆಗುವುದಿಲ್ಲವಲ್ಲ. ನಿಮ್ಮಪ್ಪ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಕೂತಿದ್ದಾರೆ. ಅವರು ಎದ್ದು ಬರುವುದರೊಳಗೆ ಬರೆದು ಮುಗಿಸಬೇಕು.

ಮೊದಲು ಇದನ್ನು ಓದಿಕೋ: ನಿಮ್ಮಪ್ಪನಿಗೆ ನಿನ್ನ ಮೇಲೆ ಸಿಟ್ಟಿಲ್ಲ. ನೀನು ಶಾಲೆಯ ಸಂಗೀತ ಟೀಚರ್ ಕೆಲಸ ಬಿಟ್ಟಾಗ ಹಾರಾಡಿದ್ದು ನಿಜ. ‘ಏನು, ಸ್ವರ ನೆಕ್ಕೊಂಡು ಬದುಕ್ತೀಯಾ?’ ಅಂದದ್ದೂ ನಿಜ. ಆಮೇಲೆ ಅದೇ ವಾರ ಪ್ರೆಸ್ಸಿಗೆ ಹೋಗಿ, ಮಷಿನ್ ಓಡಿಸುವ ಹುಡುಗರಿಗೆಲ್ಲ ‘ನನ್ನ ಮಗಳು ಇನ್ಮೇಲೆ ಬರೀ ಕಛೇರಿ ಮಾಡ್ತಾಳಂತೆ, ಏನು ಧೈರ್ಯ ನೋಡ್ರೋ’ ಎಂದು ಹೇಳಿಕೊಂಡು ತಿರುಗಿದರಂತೆ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಸಿಟ್ಟು ಇರಬೇಕಾದರೆ ನಡೆದದ್ದು ನೆನಪಿರಬೇಕು.

ನಾನು ನಿನ್ನಿಂದ ಮುಚ್ಚಿಟ್ಟಿದ್ದೆ. ನೀನು ಫೋನ್ ಮಾಡಿದಾಗಲೆಲ್ಲ ಅಪ್ಪ ಮಲಗಿದ್ದಾರೆ, ಅಪ್ಪ ವಾಕಿಂಗ್ ಹೋಗಿದ್ದಾರೆ, ಅಪ್ಪ ಸ್ನಾನಕ್ಕೆ ಹೋಗಿದ್ದಾರೆ. ಒಮ್ಮೆ ನೀನೇ ನಗುತ್ತಾ, ‘ಅಪ್ಪ ದಿನಕ್ಕೆಷ್ಟು ಸಲ ಸ್ನಾನ ಮಾಡ್ತಾರಮ್ಮ?’ ಎಂದೆ. ನಾನೂ ನಕ್ಕೆ. ನಿನ್ನ ಕಛೇರಿಯ ದಿನ ಮನೆಗೆ ಬರಬೇಡ, ಪ್ರಾಕ್ಟೀಸ್ ನೋಡಿಕೋ, ನಾವೇ ಸಭಾಂಗಣಕ್ಕೆ ಬರುತ್ತೇವೆ ಎಂದದ್ದೂ ಅದಕ್ಕೇ.

ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ ಅನ್ನಿಸಬಹುದು, ಆದರೂ ಹೇಳುತ್ತೇನೆ, ಹೇಳಲು ಈಗ ನನಗೆ ಬೇರೆ ಯಾರೂ ಇಲ್ಲ. ನಮ್ಮ ಸಂಸಾರದಲ್ಲಿ ಸುಖ ಅಂತ ಇದ್ದದ್ದು ಆ ಸಭಾಂಗಣದಲ್ಲೇ. ಅವರು ಹಗಲೆಲ್ಲ ಪ್ರೆಸ್ಸಿನಲ್ಲಿ ಮಷಿನ್ನಿನ ಸದ್ದು ಕೇಳಿ ಕೇಳಿ ಬಂದಿರುತ್ತಿದ್ದರು. ನಾನು ಟೈಲರಿಂಗ್ ಅಂಗಡಿಯಲ್ಲಿ ಪರರ ಪ್ಯಾಂಟು ಉದ್ದ ಮಾಡಿ, ಗಿಡ್ಡ ಮಾಡಿ ಕಣ್ಣು ಕೆಂಪು ಮಾಡಿಕೊಂಡಿರುತ್ತಿದ್ದೆ. ಶುಕ್ರವಾರ ಸಂಜೆ ಮುಖ ತೊಳೆದು ಅಲ್ಲಿಗೆ ಹೋಗಿ ಕೂತರೆ, ವಾದ್ಯಗಳ ಶ್ರುತಿ ಮಾಡುವ ಸದ್ದು ಕೇಳಿದರೇ ಸಾಕು, ನನ್ನ ಬೆನ್ನುನೋವು ಅರ್ಧ ಇಳಿಯುತ್ತಿತ್ತು. ಮನೆಯಲ್ಲಿ ರೇಡಿಯೋ ಇದೆಯಲ್ಲ ಎಂದು ನಿನ್ನ ಚಿಕ್ಕಮ್ಮ ಕೇಳಿದಾಗ ಇವರು ಹೇಳಿದ್ದು ನನಗಿನ್ನೂ ನೆನಪಿದೆ: ‘ರೇಡಿಯೋದಲ್ಲಿ ಯಾರೂ ಬೀಳಲ್ಲ. ಎದುರಿಗೆ ಕೂತ್ರೆ, ಈಗ ಬಿದ್ರಪ್ಪ, ಈಗ ಬಿದ್ರು ಅಂತ ಜೀವ ಹೊಡ್ಕೊಳ್ತಿರುತ್ತೆ. ಅವರು ಬೀಳದೆ ದಾಟಿಬಿಡ್ತಾರೆ ನೋಡು, ಅದೇ ಮಜಾ.’ ಅಷ್ಟು ಜನ ಒಟ್ಟಿಗೆ ಉಸಿರು ಬಿಗಿಹಿಡಿದು ಒಟ್ಟಿಗೆ ಬಿಡುವುದು ಇನ್ನೆಲ್ಲಿ ಸಿಗುತ್ತದೆ ಹೇಳು.

ಮತ್ತೆ ಆ ಚಪ್ಪಾಳೆ. ಒಂದು ಕೃತಿ ನಿಜವಾಗಿ ಮುಗಿಯಿತೋ, ಇನ್ನೂ ಇದೆಯೋ ಎಂದು ಜನ ಅಕ್ಕಪಕ್ಕ ನೋಡುತ್ತಾರಲ್ಲ, ಆ ಹೊತ್ತಿನಲ್ಲಿ ನಿಮ್ಮಪ್ಪ ಸುಮ್ಮನೆ ಕೂತಿರುತ್ತಿದ್ದರು. ಕೊನೆಯ ಸ್ವರ ಗೋಡೆಗೆ ತಾಗಿ ಪೂರ್ತಿ ಸಾಯುವವರೆಗೂ ಬಿಡುತ್ತಿದ್ದರು. ಆಮೇಲೆ ಅವರ ಕೈ ಒಂದೇ ಒಂದು ಸಲ ಬೀಳುತ್ತಿತ್ತು. ಅದರ ಹಿಂದೆ ಇಡೀ ಸಭಾಂಗಣ. ಅವರ ಕೈ ಬೀಳುವವರೆಗೆ ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ವೇದಿಕೆಯ ಮೇಲಿದ್ದವರು ಮೂರನೇ ಸಾಲಿನ ಕಡೆ ಒಮ್ಮೆ ಕಣ್ಣು ಹಾಯಿಸಿ ನಗುತ್ತಿದ್ದರು. ಹೊರಗೆ ಟೀ ಮಾರುವವನು ಅವರಿಗೆ ‘ಮೊದಲ ಕೈ’ ಎಂದು ಹೆಸರಿಟ್ಟ, ಸಭಾಂಗಣದ ಮ್ಯಾನೇಜರ್ ಕೂಡ ಹಾಗೇ ಕರೆಯತೊಡಗಿದರು. ದೊಡ್ಡ ದೊಡ್ಡವರು ಬಂದಾಗಲೂ ನಮ್ಮ ಆ ಎರಡು ಕುರ್ಚಿಯನ್ನು ಬೇರೆಯವರಿಗೆ ಕೊಡುತ್ತಿರಲಿಲ್ಲ. ಮಷಿನ್‌ಮ್ಯಾನ್ ಹೆಂಡತಿಗೆ ಇದಕ್ಕಿಂತ ಜಂಬ ಪಡಲು ಇನ್ನೇನು ಬೇಕಿತ್ತು? ಜಂಬ ಪಟ್ಟೆ, ಚೆನ್ನಾಗಿಯೇ ಪಟ್ಟೆ.

ಹೋದ ಮಳೆಗಾಲದಲ್ಲಿ ಒಬ್ಬ ಕೊಳಲಿನವರು ಬಂದಿದ್ದರು. ನಿಧಾನವಾಗಿ ನುಡಿಸುತ್ತಾ ನುಡಿಸುತ್ತಾ ನಡುವೆ ಉಸಿರು ತೆಗೆದುಕೊಳ್ಳಲು ಕೊಳಲು ಇಳಿಸಿದರು. ನಿಮ್ಮಪ್ಪನ ಕೈ ಬಿತ್ತು. ನಾನು ಥಟ್ಟನೆ ಅವರ ತೋಳು ಹಿಡಿದೆ. ಆದರೆ ಆಮೇಲೆ ಆದದ್ದು ಕೇಳು: ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು! ಮೊದಲ ಕೈ ಬಿದ್ದಿದೆ ಎಂದರೆ ಮುಗಿದಿರಲೇಬೇಕು ಎಂದು ಅವರಿಗೆಲ್ಲ ಅಷ್ಟು ನಂಬಿಕೆ. ಪಾಪ, ಕೊಳಲಿನವರು ಅತ್ತಿತ್ತ ನೋಡಿದರು, ನಮಸ್ಕಾರ ಮಾಡಿದರು, ಉಳಿದರ್ಧ ನುಡಿಸದೆ ಮುಂದಿನದಕ್ಕೆ ಹೋಗಿಬಿಟ್ಟರು. ಹೊರಗೆ ಬಂದಾಗ ಜನ ‘ಚಿಕ್ಕದಾಗಿ ಚೊಕ್ಕವಾಗಿ ಮುಗಿಸಿದ್ರು’ ಎಂದು ಹೊಗಳುತ್ತಿದ್ದರು. ನಾನೂ ಹೌದು ಹೌದು ಎಂದೆ. ನಿಮ್ಮಪ್ಪ ಮಾತ್ರ ದಾರಿಯುದ್ದಕ್ಕೂ ಖುಷಿಯಾಗಿ ಕೈ ಬೀಸಿಕೊಂಡು ನಡೆದರು.

ಮತ್ತೊಮ್ಮೆ ಆಯಿತು, ಆಗಲೂ ಅರ್ಧ ಜನ ಅವರ ಹಿಂದೆ ತಟ್ಟಿದರು. ಮೂರನೆಯ ಸಲ ಯಾರೂ ತಟ್ಟಲಿಲ್ಲ. ಹೊಸ ಹುಡುಗಿ, ನಿನಗಿಂತ ಚಿಕ್ಕವಳು, ಹಾಡುತ್ತಾ ಒಂದು ಎತ್ತರದ ಸ್ವರದಲ್ಲಿ ನಿಂತಿದ್ದಳು. ಇವರು ತಟ್ಟುತ್ತಲೇ ಇದ್ದರು, ಒಬ್ಬರೇ. ಅವಳ ಸ್ವರ ಒಡೆಯಿತು. ಮತ್ತೆ ಹಿಡಿಯಲು ನೋಡಿದಳು, ಆಗಲಿಲ್ಲ, ಕಣ್ಣು ತುಂಬಿಕೊಂಡಳು. ಆ ಹುಡುಗಿಯ ಮುಖ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ಬಿಡುವಿನಲ್ಲಿ ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದರು. ‘ಅಮ್ಮಾ, ಇವರಿಗೆ ಬರಬೇಡಿ ಅನ್ನೋಕೆ ನನಗೆ ಬಾಯಿ ಬರಲ್ಲ. ನೀವೇ ಏನಾದ್ರೂ ನೋಡ್ಕೊಳ್ಳಿ’ ಎಂದು ಕೈಮುಗಿದರು. ನಾನು ನೋಡಿಕೊಂಡೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ತಲೆಯ ಫೋಟೋ ತೆಗೆದರು, ಪ್ರಶ್ನೆ ಕೇಳಿದರು. ಇದು ಮರೆವಿನ ಕಾಯಿಲೆ, ವಾಸಿಯಾಗುವಂಥದ್ದಲ್ಲ, ಮಾತ್ರೆ ಕೊಟ್ಟರೆ ಸ್ವಲ್ಪ ನಿಧಾನವಾಗಬಹುದು ಅಷ್ಟೆ ಎಂದರು. ನಿಧಾನವೂ ಆಗಲಿಲ್ಲ.

ಆದರೂ ಕಛೇರಿ ಬಿಡಲು ನನಗೆ ಮನಸ್ಸು ಬರಲಿಲ್ಲ ಕಣೇ. ಅಂಗಡಿಯಲ್ಲಿ ಒಂದು ಹಳೆಯ ಉಣ್ಣೆಯ ಕೋಟು ಬಿದ್ದಿತ್ತು, ಅದನ್ನು ಕತ್ತರಿಸಿ ಒಳಗೆ ಹತ್ತಿ ಇಟ್ಟು ಅವರಿಗೆ ಕೈಗವಸು ಹೊಲಿದೆ. ‘ಚಳಿ ಎಲ್ಲಿದೆ?’ ಎಂದರು. ಇದೆ, ಹಾಕಿಕೊಳ್ಳಿ ಎಂದೆ, ಹಾಕಿಕೊಂಡರು. ಈಗ ನಾನು ಏನು ಹೇಳಿದರೂ ಕೇಳುತ್ತಾರೆ. ಮೊದಲು ಹೀಗೆ ಕೇಳಲಿ ಎಂದು ಎಷ್ಟು ಹಂಬಲಿಸಿದ್ದೆ ಗೊತ್ತಾ? ಅವತ್ತೂ ಕೃತಿಯ ನಡುವೆ ತಟ್ಟಿದರು. ದಿಂಬಿಗೆ ಹೊಡೆದ ಹಾಗೆ ದಪ್ ದಪ್ ಸದ್ದು ಬಂತು. ಹಿಂದಿನ ಸಾಲಿನಲ್ಲಿ ನಕ್ಕರು.

ಆಮೇಲೆ ಅವರ ಎರಡೂ ಕೈಯನ್ನು ನನ್ನ ಮಡಿಲಲ್ಲಿ ಹಿಡಿದುಕೊಂಡು ಕೂರತೊಡಗಿದೆ. ‘ಈಗ ಶುರುವಾಯ್ತಾ ಪ್ರೀತಿ?’ ಎಂದು ಟೀಯವನು ಗೇಲಿ ಮಾಡಿದ. ಅಲ್ಲಿಗೆ ನನ್ನ ಕೇಳುವಿಕೆಯೂ ಮುಗಿಯಿತು. ವೇದಿಕೆಯಲ್ಲಿ ಯಾರಿದ್ದರು, ಏನು ನುಡಿಸಿದರು, ಒಂದೂ ನನಗೆ ಗೊತ್ತಿಲ್ಲ. ಅವರ ಮಣಿಕಟ್ಟು ಬಿಗಿಯಾಯಿತೋ, ಸಡಿಲವಾಯಿತೋ, ಅಷ್ಟೇ ಗೊತ್ತು. ಒಂದು ದಿನ ಕೈ ಕಿತ್ತುಕೊಂಡು ‘ಬಿಡೇ, ಮುಗೀತು!’ ಎಂದು ಕೂಗಿಬಿಟ್ಟರು. ಅವತ್ತು ಸಿಟ್ಟು ತಡೆಯಲಾರದೆ ತೋಳು ಹಿಂಡಿದೆ. ಮನೆಗೆ ಬಂದು ನೋಡಿದರೆ ಕಂದಿತ್ತು. ಅಂದಿನಿಂದ ನಾವು ಹೋಗಿಲ್ಲ.

ಈಗ ಹೇಳು, ನಿನ್ನ ಕಛೇರಿಗೆ ಹೇಗೆ ಕರೆತರಲಿ? ನೀನೇ ಫೋನಿನಲ್ಲಿ ವಿವರಿಸಿದ್ದೆ. ಕೊನೆಯ ಕೃತಿಯಲ್ಲಿ ಕಮಾನನ್ನು ತಂತಿಯಿಂದ ಎತ್ತಿ ಗಾಳಿಯಲ್ಲೇ ಹಿಡಿದು ನಿಲ್ಲುತ್ತೀಯ, ಇಡೀ ಸಭೆ ಉಸಿರು ಹಿಡಿಯಬೇಕು, ಆಮೇಲೆ ಎಳೆಯಂಥ ಒಂದೇ ಸ್ವರ. ‘ಆ ಮೌನದಲ್ಲೇ ನನ್ನ ಪರೀಕ್ಷೆಯಮ್ಮ, ದೊಡ್ಡ ವಾದ್ಯವೃಂದದವರು ಅದನ್ನೇ ಕೇಳೋಕೆ ಬರ್ತಿದ್ದಾರೆ’ ಎಂದೆ. ಆ ಮೌನದಲ್ಲಿ ನಿಮ್ಮಪ್ಪನ ಕೈ ಬೀಳುತ್ತದೆ ಎಂದು ನನಗೆ ಖಾತ್ರಿಯಿತ್ತು. ನೀನು ವೇದಿಕೆಯ ಮೇಲೆ ಆ ಹುಡುಗಿಯ ಹಾಗೆ ನಿಂತಿರುವುದು ಕಣ್ಣಿಗೆ ಕಟ್ಟಿತು. ಮಗಳ ಮೊದಲ ಕಛೇರಿಯನ್ನು, ಅದೇ ಸಭಾಂಗಣದಲ್ಲಿ, ಅದೇ ಕುರ್ಚಿಯಲ್ಲಿ ಕೂತು ಕೇಳಬೇಕು ಎಂದು ಆ ಮನುಷ್ಯ ನಿನ್ನ ಕೈಗೆ ಪಿಟೀಲು ಕೊಟ್ಟ ದಿನದಿಂದ ಕಾದಿದ್ದರು. ಅದನ್ನು ಅವರಿಂದ ಕಿತ್ತುಕೊಂಡವಳು ನಾನು, ಅವರಲ್ಲ. ಬೈಯುವುದಿದ್ದರೆ ನನಗೆ ಬೈ.

ಅವತ್ತು ಸಂಜೆ ಕಛೇರಿ ಮುಂದೆ ಹೋಗಿದೆ ಎಂದು ಅವರಿಗೆ ಹೇಳಿದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು, ಹಾಗೇ ಊಟ ಮಾಡಿ ಮಲಗಿದರು. ನಾನು ಕಿಟಕಿಯ ಹತ್ತಿರ ಕೂತು, ಈಗ ನೀನು ಶುರು ಮಾಡಿರಬಹುದು, ಈಗ ಮುಗಿಸಿರಬಹುದು ಎಂದುಕೊಂಡೆ. ಚೆನ್ನಾಗಿ ಆಯಿತಂತೆ, ವಾದ್ಯವೃಂದದವರು ನಿನ್ನನ್ನು ತೆಗೆದುಕೊಂಡರಂತೆ, ಮ್ಯಾನೇಜರ್ ಹೇಳಿದರು. ನೀನೇ ಹೇಳಿದ್ದರೆ ಇನ್ನೂ ಹೆಚ್ಚು ಸಂತೋಷವಾಗುತ್ತಿತ್ತು.

ಸಿಟ್ಟು ಇಳಿದ ಮೇಲೆ ಬಾ. ಇಳಿಯದಿದ್ದರೂ ಬಾ, ಇಲ್ಲಿ ಬಂದು ಇಳಿಸಿಕೋ. ತಡಮಾಡಬೇಡ. ಈಗೀಗ ಅವರು ನನ್ನನ್ನೇ ಒಮ್ಮೊಮ್ಮೆ ‘ನೀವು ಯಾರ ಕಡೆಯವರು?’ ಎಂದು ಕೇಳುತ್ತಾರೆ. ನಿಮ್ಮ ಕಡೆಯವಳೇ ಎನ್ನುತ್ತೇನೆ.

ನಿನ್ನ ದಾರಿ ಕಾಯುತ್ತಿರುವ
ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ತೆರೆದಿದ್ದೇನೆ. ಮೇಲೆ ಒಂದು ಸುಳ್ಳು ಬರೆದೆ. ನಾವು ಅವತ್ತು ಮನೆಯಲ್ಲಿರಲಿಲ್ಲ. ಆ ಇಸ್ತ್ರಿ ಅಂಗಿ ನೋಡಿ ತಡೆಯಲಾಗಲಿಲ್ಲ. ಸಭಾಂಗಣದ ಕಾವಲುಗಾರನಿಗೆ ಹೇಳಿ, ವಾದ್ಯದ ಪೆಟ್ಟಿಗೆಗಳನ್ನಿಡುವ ಓಣಿಯಲ್ಲಿ, ಅರ್ಧ ತೆರೆದ ಪಕ್ಕದ ಬಾಗಿಲ ಹಿಂದೆ ಕೂತು ಇಡೀ ಕಛೇರಿ ಕೇಳಿದೆವು. ನೀನು ಕಮಾನು ಎತ್ತಿದಾಗ ಅವರ ಕೈಗಳನ್ನು ನನ್ನೆರಡೂ ಕೈಯಲ್ಲಿ ಅದುಮಿ ಹಿಡಿದೆ. ಅವು ಅಲುಗಲಿಲ್ಲ. ಕೊನೆಯ ಸ್ವರ ಬಂತು, ಸಣ್ಣಗಾಯಿತು, ಹೋಯಿತು. ನಾನು ಕೈ ಬಿಟ್ಟು ಅವರ ಕಿವಿಯಲ್ಲಿ ‘ಈಗ, ಈಗ ತಟ್ಟಿ’ ಎಂದೆ. ಕೈ ಹಾಗೇ ತೊಡೆಯ ಮೇಲೆ ಬಿದ್ದಿದ್ದವು. ಒಳಗೆ ಯಾರೋ ತಟ್ಟಿದರು, ಇಡೀ ಸಭಾಂಗಣ ಎದ್ದು ನಿಂತು ತಟ್ಟಿತು. ನಿಮ್ಮಪ್ಪ ತಲೆಯೆತ್ತಿ ಸೂರು ನೋಡಿ, ‘ಜೋರು ಮಳೆ ಬಂತು ಕಣೇ, ಬಟ್ಟೆ ಒಳಗೆ ತಂದ್ಯಾ?’ ಎಂದರು. ಅವರನ್ನು ಧೈರ್ಯವಾಗಿ ಮೂರನೇ ಸಾಲಿನಲ್ಲೇ ಕೂರಿಸಬಹುದಿತ್ತು. ಇದನ್ನು ನಿನಗೆ ಹೇಳುವುದೇ ಬೇಡ ಎಂದಿದ್ದೆ. ಆದರೆ ನೀನು ಬರುತ್ತೀಯ, ಬಂದರೆ ಅವರ ಮುಂದೆ ನುಡಿಸದೆ ಇರುವವಳಲ್ಲ. ನುಡಿಸು ಮಗಳೇ. ನುಡಿಸಿ ಮುಗಿಸಿದ ಮೇಲೆ ಅವರ ಕೈ ನೋಡುತ್ತಾ ನಿಲ್ಲಬೇಡ.