ಏಳನೇ ವಾರದ ತುಂಡು

ಹದಿನಾಲ್ಕನೇ ತಾರೀಕು, ಭಾನುವಾರ

ಅಣ್ಣನಿಗೆ,

ಮೊದಲು "ಪ್ರೀತಿಯ" ಅಂತ ಬರೆದು ಹೊಡೆದುಹಾಕಿದೆ, ಗೀಟು ಕಾಣುತ್ತಿರಬಹುದು. ಹಾಳೆ ಬದಲಾಯಿಸುವಷ್ಟು ಪುರುಸೊತ್ತಿಲ್ಲ. ಫೋನಿನಲ್ಲಿ ಹೇಳಹೊರಟರೆ ನೀನು ಅರ್ಧಕ್ಕೇ "ಗಿರಾಕಿ ಬಂದ್ರು, ಇಡ್ತೀನಿ" ಅನ್ನುತ್ತೀಯ. ಕಾಗದಕ್ಕೆ ಆ ತೊಂದರೆಯಿಲ್ಲ. ರಾತ್ರಿ ಬಸ್ಸಿನವರ ಕೈಲಿ ಕೊಟ್ಟು ಕಳಿಸುತ್ತೇನೆ, ನಾಳೆ ಬೆಳಿಗ್ಗೆಯೇ ನಿನಗೆ ಸಿಗುತ್ತದೆ.

ಅಪ್ಪನ ಮೂತ್ರಕೋಶದ ಕ್ಯಾನ್ಸರ್ ಮತ್ತೆ ಬಂದಿದೆ. ಮೂರು ವರ್ಷದ ಹಿಂದಿನ ಹಾಗೆ ಒಳಗಿಂದ ಕೆರೆದು ತೆಗೆದರೆ ಸಾಲದಂತೆ. ಮೂತ್ರಕೋಶವನ್ನೇ ತೆಗೆದು, ಮೂತ್ರ ತುಂಬಿಕೊಳ್ಳಲು ಹೊಟ್ಟೆಗೊಂದು ಚೀಲ ಅಂಟಿಸುತ್ತಾರೆ. ಗುರುವಾರ ಆಪರೇಷನ್. ತಡವಾದರೆ ಅದರಿಂದಲೂ ಉಪಯೋಗವಿಲ್ಲ ಎಂದಿದ್ದಾರೆ ಡಾಕ್ಟರು. ಅಪ್ಪ ಸಹಿ ಹಾಕಲು ಒಪ್ಪುತ್ತಿಲ್ಲ.

ಮೂರು ತಿಂಗಳಿಗೊಮ್ಮೆ ಮೂತ್ರಕೋಶದೊಳಗೆ ಕ್ಯಾಮೆರಾ ಬಿಟ್ಟು ನೋಡಬೇಕು ಅಂತ ಹೇಳಿದ್ದರು, ನೆನಪಿದೆಯಾ? ಉಳಿದ ಸಲವೆಲ್ಲ ನಾನೇ ಹೊಲಿಗೆ ಬಿಟ್ಟು ಕರೆದುಕೊಂಡು ಹೋದೆ. ಈ ಸಲದ್ದು ನಿನ್ನ ಸರದಿ. ನಿನ್ನ ಪರದೆ ಅಂಗಡಿಗೆ ಅವತ್ತೇ ಹೊಸ ಗಾಜು ಕೂರಿಸಬೇಕಿತ್ತು. "ಸುಮ್ಸುಮ್ನೆ ಯಾಕೆ ಓಡಾಡೋದು, ರಕ್ತಗಿಕ್ತ ಕಂಡ್ರೆ ಫೋಟೋ ಕಳ್ಸಿ ಅಪ್ಪಾ" ಅಂದೆಯಂತೆ.

ಕಳಿಸಿದರಲ್ಲ! ಮೂತ್ರದ ಫೋಟೋ ತೆಗೆಯಲು ಅವರಿಗೆ ನಾಚಿಕೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ನಲವತ್ತು ವರ್ಷ, ಗಿರಾಕಿ ತಂದ ನಮೂನೆಗೆ ಸರಿಯಾಗಿ ಬಣ್ಣ ಕೂಡಿಸಿಕೊಟ್ಟ ಮನುಷ್ಯ. ಪ್ರತಿ ಸೋಮವಾರ ಬೆಳಿಗ್ಗೆ ಗಾಜಿನ ಲೋಟವನ್ನು ಕಿಟಕಿಗೆ ಹಿಡಿದು ನೋಡಿ, ಅದೇ ಬಣ್ಣ ಕಲಸಿ, ಅಂಗೈಯಗಲದ ಬಿಳಿ ಬಟ್ಟೆ ಅದ್ದಿ, ಒಣಗಿಸಿ, ರಟ್ಟಿಗೆ ಗುಂಡುಸೂಜಿಯಿಂದ ಚುಚ್ಚಿದ್ದಾರೆ. ಕೆಳಗೆ ತಾರೀಕು. ಹನ್ನೆರಡು ವಾರ, ಮೂರು ಸಾಲು. ಮೊದಲನೆಯದು ತಿಳಿಹಳದಿ, ಕೊನೆಯದು ಇಟ್ಟಿಗೆ ಕೆಂಪು. ಅದರ ಫೋಟೋ ನಿನಗೆ ಬಂತು. ನಿನ್ನ ಉತ್ತರ ಏನು? "ಕೊನೇ ಸಾಲಿನ ಮೊದಲ್ನೇದು ಸೂಪರ್ ಅಪ್ಪಾ, ಹಾಲ್ ಪರದೆಗೆ ಹೇಳಿ ಮಾಡಿಸಿದ ಹಾಗಿದೆ. ನೂರು ಮೀಟರ್ ಆಗುತ್ತಾ?"

ಹೋದ ವಾರ ಬಚ್ಚಲಲ್ಲಿ ಕುಸಿದು ಬಿದ್ದ ಮೇಲೆ ಆಸ್ಪತ್ರೆಗೆ ಹೋದೆವು. ಅಪ್ಪ ಅಲ್ಲಿ ಚೀಲದಿಂದ ರಟ್ಟು ತೆಗೆದು ಡಾಕ್ಟರ ಮೇಜಿನ ಮೇಲಿಟ್ಟು, ಇದು ಏನೆಂದು ಹೇಳಿದರು. ನಿನ್ನ ಉತ್ತರವನ್ನೂ ತೋರಿಸಿದರು, ನಗುನಗುತ್ತಲೇ. ನನಗೆ ಮೈಯೆಲ್ಲ ಉರಿದುಹೋಯಿತು. ಡಾಕ್ಟರು ತುಂಬ ಹೊತ್ತು ನೋಡಿ, ಏಳನೇ ವಾರದ್ದು ಎಲ್ಲಿ ಎಂದು ಕೇಳಿದರು. ಆ ಜಾಗದಲ್ಲಿ ಬರೀ ಸೂಜಿಯಿತ್ತು. ಕೆಂಪು ಮೊದಲು ಕಂಡದ್ದು ಯಾವಾಗ ಎನ್ನುವುದು ಅವರಿಗೆ ಬೇಕಿತ್ತು. "ಎಲ್ಲೋ ಬಿದ್ಹೋಗಿರ್ಬೇಕು ಬಿಡಿ" ಅಂದರು ಅಪ್ಪ. ನಾನು ರಟ್ಟನ್ನು ಎತ್ತಿ ಚೀಲದೊಳಗೆ ಹಾಕಿದೆ.

ಸಹಿ ಯಾಕೆ ಹಾಕಲ್ಲ ಅಂತ ಕೇಳಿದರೆ ಒಂದೇ ಮಾತು: "ಆ ಚೀಲ ತುಂಬಿದ್ದು ಈ ಮನೇಲಿ ಯಾರ ಕಣ್ಣಿಗೆ ಬೀಳುತ್ತೆ?"

ಬುಧವಾರದೊಳಗೆ ಅಂಗಡಿಗೆ ಬೀಗ ಜಡಿದು ಬಾ. ಬಂದು ನೀನೇ ಉತ್ತರ ಹೇಳು.

ಇಷ್ಟು ವರ್ಷ ನಿನ್ನ ಪಾಲಿನದನ್ನೂ ಮಾಡಿಕೊಂಡು ಬಂದ,
ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸಲು ಕೈ ಬರಲಿಲ್ಲ. ಆ ರಟ್ಟು ಹನ್ನೆರಡು ವಾರವೂ ನನ್ನ ಹೊಲಿಗೆ ಮಷಿನ್ನಿನ ಎದುರಿಗೇ ಗೋಡೆಯಲ್ಲಿ ತೂಗುತ್ತಿತ್ತು. ಕೆಲಸ ಬಿಟ್ಟ ಮೇಲೆ ಹೊತ್ತು ಕಳೆಯಲು ಏನೋ ಮಾಡಿಕೊಂಡಿದ್ದಾರೆ ಅಂದುಕೊಂಡಿದ್ದೆ. ಏಳನೇ ತುಂಡು ಬಿದ್ದುಹೋಗಿಲ್ಲ. ಎಳೇ ಗುಲಾಬಿ, ಎಷ್ಟು ಚೆನ್ನಾಗಿತ್ತು ಗೊತ್ತಾ. "ಇದು ನಂಗಿರ್ಲಿ ಅಪ್ಪಾ" ಅಂತ ಕಿತ್ತುಕೊಂಡೆ. "ಏನಿದು ಅಂತ ಕೇಳಲ್ವೇನಮ್ಮಾ?" ಅಂದರು. ಮಷಿನ್ ತುಳಿಯುತ್ತಲೇ "ಆಮೇಲಪ್ಪಾ" ಅಂದೆ. ಎದುರುಮನೆ ಮಗುವಿನ ಫ್ರಾಕಿಗೆ ಅದರಲ್ಲೊಂದು ಹೂವು ಮಾಡಿ ಹೊಲಿದೆ. ಮಗು ಇವತ್ತು ಅದನ್ನೇ ಹಾಕಿಕೊಂಡು ಬಂದಿತ್ತು. ಅಪ್ಪ ಆ ಹೂವನ್ನು ಬೆರಳಿನಿಂದ ಉಜ್ಜಿ ನೋಡಿ, "ಇಷ್ಟು ಸಲ ಒಗೆದ್ರೂ ಬಣ್ಣ ಬಿಟ್ಟಿಲ್ಲ ನೋಡು" ಅಂದರು.